ಪೆಟ್ಟಿಗೆಯೊಳಗಿನ ಮೂರು ಹಂಚು

ಪೆಟ್ಟಿಗೆಯ ಬೀಗ ತೆಗೆದ ಕ್ಯಾಮೆರಾಮನ್ ಸಿದರಾಯನ ಮುಖ ಬಿಳಿಚಿಕೊಂಡಿತು.

"ಅಕ್ಕಾರ, ಕ್ಯಾಮೆರಾ ಇಲ್ರಿ!"

ಬಿಲ್ಕೀಸ ಓಡಿಬಂದಳು. ಪೆಟ್ಟಿಗೆಯೊಳಗೆ ಗೋಣಿತಟ್ಟು ಸುತ್ತಿದ ಮೂರು ಹಂಚುಗಳಿದ್ದವು. ಮನೆಗೆ ಹೊದಿಸುವ ಹಂಚು. ಗೋಣಿತಟ್ಟು ಕೊಡವಿ ನೋಡಿದಳು; ಬೇರೇನೂ ಇರಲಿಲ್ಲ.

೧೯೮೩ರ ಫೆಬ್ರವರಿ. ಗುಂಜಿಯ ಕಾಡಂಚಿನಲ್ಲಿ ಅವಳ ಮೊದಲ ಕಿರುಚಿತ್ರದ ಮೊದಲ ದಿನ. ಬೆಳಗಾವಿಯ ಟಾಕೀಸುಗಳಿಗೆ ಜಾಹೀರಾತಿನ ಸ್ಲೈಡು ಮಾಡಿಕೊಡುತ್ತ ಶುರುಮಾಡಿದವಳು, ಜಾಹೀರಾತು ಚಿತ್ರಗಳ ನಿರ್ಮಾಪಕಿಯಾಗಿ ಬೆಳೆದಿದ್ದಳು. ಹತ್ತು ವರ್ಷದ ದುಡಿಮೆ ನೋಡಿ ಬೊಂಬಾಯಿಯ ಕಂಪನಿಯೊಂದು ಅವಳ ಹೆಸರಿಗೆ ಕ್ಯಾಮೆರಾ ಕಳಿಸಿತ್ತು. ಅದು ಕಳೆದರೆ ಈ ಧಂದೆಯಲ್ಲಿ ಇನ್ನು ಯಾರೂ ಅವಳನ್ನು ನಂಬುವುದಿಲ್ಲ.

*

ಖಾನಾಪುರ ಠಾಣೆಯಲ್ಲಿ ಫೌಜದಾರ ಬಾಳಾಸಾಹೇಬ ಹೆಚ್ಚು ಯೋಚಿಸಲಿಲ್ಲ.

"ಕೀಲಿ ಕ್ಯಾಮೆರಾಮನ್ ಕಿಸೇದಾಗ. ರೈಲಿನಾಗ ಪೆಟ್ಟಿಗಿ ಅವನ ಬಾಜೂಕ. ಹಂಚು ನಮ್ಮೂರ ಹಂಚು. ಇಲ್ಲಿ ಗಾಡಿ ನಿಂತಾಗ ಬದಲಿ ಮಾಡ್ಯಾನ. ಮತ್ತೇನ ಬೇಕ್ರಿ ಬಾಯಾರ?"

ಸಿದರಾಯ ಅಳುತ್ತಿದ್ದ. "ನಾ ತೆಗದೇ ಇಲ್ರಿ ಸಾಹೇಬ್ರ. ಸ್ಟುಡಿಯೋದಾಗ ಕೊಟ್ಟಾಂಗ ತಂದೀನಿ. ಧೂಳ ಹೊಗತೈತಿ, ಶೂಟಿಂಗ್ ತನಕಾ ತೆಗೀಬ್ಯಾಡ ಅಂತ ಕಾಕಾರ ಹೇಳಿದ್ರು."

ಕಾಕಾ ಎಂದರೆ ಬೆಳಗಾವಿಯ ಫೋಟೋ ಸ್ಟುಡಿಯೋದ ಗುರುಪುತ್ರಪ್ಪ. ಬಿಲ್ಕೀಸಳಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು. ಬೊಂಬಾಯಿಯಿಂದ ಬಂದ ಪೆಟ್ಟಿಗೆ, ಕೀಲಿಯ ಸಮೇತ, ಪರೀಕ್ಷೆಗೆಂದು ಒಂದು ದಿನ ಅವರ ಬಳಿ ಇತ್ತು.

ಬಿಲ್ಕೀಸ ಒಂದು ಹಂಚು ಎತ್ತಿಕೊಂಡಳು. ಮಣ್ಣು ಮೆತ್ತಿತ್ತು. ಖಾನಾಪುರದ್ದೇ ಹೌದೋ ಎಂದು ಫ್ಯಾಕ್ಟರಿಯ ಗುರುತು ನೋಡಲು ಮಡಿಕೆಯ ನೀರು ಸುರಿದಳು. ಮಣ್ಣು ಹೋಯಿತು. ಹಂಚು ನೀರು ಕುಡಿಯಲಿಲ್ಲ. ಹನಿಗಳು ಕೆಸುವಿನೆಲೆಯ ಮೇಲಿನಂತೆ ಉರುಳಿ ಬಿದ್ದವು.

ಮತ್ತೆ ಸುರಿದಳು. ಮತ್ತೆ ಉರುಳಿದವು. ಹಂಚಿನ ಮೇಲೆ ಬೆರಳು ಎಳೆದು ನೋಡಿದಳು.

"ಫೌಜದಾರರ, ಬೆಳಗಾವಿಗೆ ಹೋಗೂಣು ಬರ್ರಿ."

"ಯಾಕ್ರಿ?"

ಅವಳು ಹಂಚನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

*

"ಬಾ ಮಗಳ, ಕುಂದರ," ಎಂದರು ಸ್ಟುಡಿಯೋದಲ್ಲಿದ್ದ ಗುರುಪುತ್ರಪ್ಪ. ಅವಳು ಕೂರಲಿಲ್ಲ. ಫೌಜದಾರರನ್ನು ಕರೆದುಕೊಂಡು ನೆಟ್ಟಗೆ ಹಿತ್ತಲಿಗೆ ಹೋಗಿ, ಮೂಲೆಯಲ್ಲಿ ಪೇರಿಸಿದ್ದ ಹಂಚುಗಳ ಮೇಲೆ ತಂಬಿಗೆ ನೀರು ಸುರಿದಳು. ಹನಿಗಳು ಉರುಳಿದವು.

"ನಾಕು ವರ್ಷದ ಹಿಂದ ಖಾನಾಪುರದ ಹಂಚಿನ ಜಾಹೀರಾತು ಮಾಡಿದ್ವಿರಿ ಫೌಜದಾರರ. ಬಿಸಿಲಾಗ ಮಂಕ ಕಾಣತಿದ್ವು. ಹೊಳೀಲಿ ಅಂತ ಹನ್ನೆರಡು ಹಂಚಿಗೆ ನಾನ ಮೇಣ ತಿಕ್ಕಿದ್ದೆ. ಯಾರರ ಮನಿ ಹಂಚಿಗೆ ಮೇಣ ಹಚ್ಚತಾರೇನ್ರಿ? ಹನ್ನೆರಡೂ ಇಲ್ಲೇ ಇಟ್ಟಿದ್ವಿ. ಈಗ ಎಣಸ್ರಿ, ಒಂಬತ್ತದಾವು. ಸಿದರಾಯ ನಮ್ಮ ಕೂಡ ಬಂದು ವರ್ಷ ಆಗಿಲ್ಲ, ಈ ಹಿತ್ತಲಾ ನೋಡೇ ಇಲ್ಲ. ಪೆಟ್ಟಿಗಿ ಇಲ್ಲೇ ಬದಲಿ ಆಗೇತಿ. ಅದಕ್ಕ ತೆಗೀಬ್ಯಾಡ ಅಂತ ಹೇಳಿ ಕಳಿಸ್ಯಾರ."

ಫೌಜದಾರರು ಡಾರ್ಕ್‌ರೂಮಿಗೆ ನುಗ್ಗಿದರು. ಟ್ರೇಗಳ ಹಿಂದೆ, ಕರಿಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿದ ಕ್ಯಾಮೆರಾ ಸಿಕ್ಕಿತು.

ಗುರುಪುತ್ರಪ್ಪ ಗೋಡೆಗೆ ಒರಗಿದರು.

"ಮೂವತ್ತು ವರ್ಷ ಬೊಂಬಾಯಿಗೆ ಪತ್ರ ಬರೆದೆ. ನನಗೊಂದು ಕ್ಯಾಮೆರಾ ಕಳಿಸಲಿಲ್ಲ. ನಿನ್ನ ಹೆಸರಿಗೆ ಕಳಿಸಿದ್ರು. ಹಿಡಿಯಾಂವ ನಿನ್ನೆ ಮೊನ್ನೆ ಬಂದ ಹುಡುಗ. ನನಗ ಒಂದ ಮಾತ ಕೇಳಲಿಲ್ಲ ನೀ."

"ಕಾಕಾ, ಸಿದರಾಯನ್ನ ಲಾಕಪ್ಪಿನಾಗ ಹಾಕ್ಯಾರ."

"ಅವನ ಮ್ಯಾಲೆ ಬರತೈತಿ ಅಂತ ನಾ ವಿಚಾರ ಮಾಡಲಿಲ್ಲ."

"ಮಾಡಿದ್ರಿ. ಹಿತ್ತಲದಾಗ ಕಲ್ಲಿದ್ವು, ಇಟ್ಟಂಗಿ ಇದ್ವು. ದಾರ್ಯಾಗ ಖಾನಾಪುರ ಬರತೈತಿ ಅಂತ, ಆರಿಸಿ ಖಾನಾಪುರದ ಹಂಚ ಹಾಕಿದ್ರಿ."

ಫೌಜದಾರರು ಸಿದರಾಯನನ್ನು ಬಿಡಲು ಠಾಣೆಗೆ ಫೋನು ಮಾಡಿ, ಫಿರ್ಯಾದಿ ಬರೆಯಲು ಕುಳಿತರು.

"ಆರೋಪಿ ನಿಮಗ ಏನ ಆಗಬೇಕ್ರಿ ಬಾಯಾರ?"

ಬಿಲ್ಕೀಸ ಕಾಗದ ತನ್ನತ್ತ ಎಳೆದುಕೊಂಡಳು.

"ನನ್ನ ಗುರುಗಳ್ರಿ," ಎಂದು ಸಹಿ ಮಾಡಿದಳು.