ನದಿಯ ಮೇಲಿನ ಮುಕ್ಕಾಲು ಗಂಟೆ

"ಎರಡು ದೇಶದ ಮಧ್ಯೆ, ಆಕಾಶದಲ್ಲಿ ಸತ್ತರೆ ಆ ಹೆಣ ಯಾವ ದೇಶದ್ದು?"

ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಮಲ ಎಳ್ಳು ಹುರಿಯುತ್ತಿದ್ದಳು. ಪ್ರಶ್ನೆ ಬಾಯಿಂದ ಬಿದ್ದ ಮೇಲೆ ಅದು ತನ್ನದೇ ದನಿ ಎಂದು ಅವಳಿಗೆ ತಿಳಿಯಿತು. ಬಾಣಲೆಯ ಅಂಚು ಬೆರಳಿಗೆ ತಾಗಿತು. ಬೊಬ್ಬೆ ಎದ್ದಿತೇ ಹೊರತು ಉರಿ ಗೊತ್ತಾಗಲಿಲ್ಲ. ಮಗಳು ನಚ್ಚಿ ಹೋದಂದಿನಿಂದ ಹೀಗೇ.

ನಚ್ಚಿಗೆ ಬಂದದ್ದು ಜ್ವರ. ತುಮಕೂರಿನ ದೊಡ್ಡಾಸ್ಪತ್ರೆ ಅವರ ಮನೆಗೆ ಕೂಗಳತೆ. ಆದರೆ ಗಂಡ ಚಂದ್ರಶೇಖರಯ್ಯ ಯೋಗದ ಗುರುಗಳು. "ಉಸಿರಿನಲ್ಲಿ ಇಳಿಯದ ಜ್ವರ ಇಲ್ಲ" ಎಂದು ಬಾಗಿಲಿಗೆ ಅಗುಳಿ ಹಾಕಿ ಮಗುವಿನ ತಲೆದೆಸೆಯಲ್ಲಿ ಕೂತರು. ಜ್ವರ ಇಳಿಯಲಿಲ್ಲ, ಉಸಿರು ಇಳಿಯಿತು. ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತೇನೋ. ಆದರೆ ಅವರು ಅದನ್ನು ಭಾಷಣ ಮಾಡಿಕೊಂಡರು. "ನನ್ನ ಮಗಳು ಹೋದ ದಿನ ಈ ಕಣ್ಣಲ್ಲಿ ಒಂದು ಹನಿ ಬರಲಿಲ್ಲ" ಎಂದು ತುಂಬಿದ ಸಭೆಗಳಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಕಮಲಳ ಕಣ್ಣಲ್ಲೂ ಹನಿ ಬಂದಿರಲಿಲ್ಲ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆ ಭಾಷಣವನ್ನು ಬೆಂಗಳೂರಿನಲ್ಲಿ ಕೇಳಿದ ಪರದೇಶದ ಭಕ್ತರೊಬ್ಬರು ಅವರನ್ನು ದಕ್ಷಿಣ ಅಮೆರಿಕಕ್ಕೆ ಕರೆದರು. ಮೊದಲು ಬ್ಯೂನಸ್ ಐರಿಸ್, ಆಮೇಲೆ ಪಕ್ಕದ ದೇಶದ ಮಾಂಟೆವಿಡಿಯೊ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ತುಮಕೂರಿನ ಮಟ್ಟಿಗೆ ಅದು ಚಂದ್ರಲೋಕಕ್ಕೆ ಹೋದ ಹಾಗೆ. ಬೀದಿಯವರೆಲ್ಲ ಬಂದು ಕಮಲಳ ಪುಣ್ಯ ಹೊಗಳಿ ಹೋದರು.

ಟಿಕೆಟಿನ ಕೆಲಸ ಅವಳ ಚಿಕ್ಕಪ್ಪನ ಮಗ ಸುಬ್ಬಕೃಷ್ಣನದು. ಬೆಂಗಳೂರಿನ ಟ್ರಾವೆಲ್ ಆಫೀಸೊಂದರಲ್ಲಿ ಅವನಿಗೆ ನೌಕರಿ. ಭಾನುವಾರ ಬಂದವನ ಮುಂದೆ ಕಮಲ ನಚ್ಚಿಯ ಸ್ಕೂಲಿನ ಅಟ್ಲಾಸ್ ಬಿಡಿಸಿದಳು. ಎರಡು ಊರುಗಳ ನಡುವೆ ನೀಲಿ ಬಣ್ಣದ ಅಗಲವಾದ ನದಿಯಿತ್ತು.

"ಇಲ್ಲಿಂದ ಇಲ್ಲಿಗೆ ಹಡಗು ಕಣಕ್ಕ. ರಾತ್ರಿ ಹತ್ತಿ ಮಲಗಿದ್ರೆ ಬೆಳಿಗ್ಗೆ ಮಾಂಟೆವಿಡಿಯೊ."

"ಹಡಗು ಬೇಡ. ವಿಮಾನ ಮಾಡ್ಸು."

"ಮುಕ್ಕಾಲು ಗಂಟೆ ದಾರಿಗೆ ವಿಮಾನವೇ? ನಮ್ಮ ಕುಣಿಗಲ್ ಬಸ್ಸು ಇನ್ನೂ ಹೆಬ್ಬೂರು ದಾಟಿರಲ್ಲ, ಅಲ್ಲಿ ದೇಶವೇ ಬದಲಾಗೋಗಿರುತ್ತೆ."

"ಹಡಗಲ್ಲಿ ಅವರಿಗೆ ಹೊಟ್ಟೆ ತೊಳೆಸುತ್ತೆ ಕಣೋ."

"ಉಸಿರು ಕಟ್ಟೋ ಭಾವನಿಗೆ ಹೊಟ್ಟೆ ಕಟ್ಟೋದು ಬರಲ್ವೇನಕ್ಕ?" ಎಂದು ಅವನು ನಕ್ಕ. ಅವಳೂ ನಗುವ ಹಾಗೆ ತುಟಿ ಅಗಲಿಸಿದಳು.

"ವಿಮಾನದಲ್ಲಿ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಏನ್ಮಾಡ್ತಾರೆ?"

"ಎರಡೂರಿನ ಎಲ್ಲೆ ಮೇಲೆ ಸತ್ತ ಎತ್ತನ್ನ ಇಬ್ಬರೂ ನಮ್ದಲ್ಲ ಅಂತಾರಲ್ಲ, ಹಂಗೇ. ಯಾಕೆ, ಭಾವನಿಗೆ ಹೆದರಿಕೇನಾ?"

"ಹೂಂ. ಹೇಳ್ಕೊಳಲ್ಲ ಅಷ್ಟೆ."

ಅಲ್ಲಿಗೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಡಗಿನಲ್ಲಾದರೆ ಇಡೀ ರಾತ್ರಿ, ವೈದ್ಯ, ವಿಚಾರಣೆ. ವಿಮಾನದಲ್ಲಿ ಮುಕ್ಕಾಲು ಗಂಟೆ. ಹತ್ತಿದ್ದು ಒಂದು ಸರ್ಕಾರ, ಇಳಿಯುವುದು ಇನ್ನೊಂದು ಸರ್ಕಾರ. ಅವರ ಭಾಷೆಯಲ್ಲಿ ಎದೆಬಡಿತ ನಿಂತಿತು ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಭಕ್ತರು ಯೋಗಿಯ ದೇಹವೆಂದು ಅಲ್ಲೇ ಚಿತೆಯೇರಿಸುತ್ತಾರೆ. ಮಹಾಸಮಾಧಿ ಎಂದು ಹೆಸರಿಟ್ಟುಕೊಳ್ಳಲಿ, ಅವಳದೇನೂ ಅಡ್ಡಿಯಿಲ್ಲ.

ಗಂಡ ಒಪ್ಪೊತ್ತಿನ ಊಟದವರೆಂದು ಲೋಕ ನಂಬಿತ್ತು. ಪ್ರತಿ ಭಾಷಣಕ್ಕೆ ಮೊದಲು ಅವರ ಬಾಯಿ ಒಣಗುವುದು, ಗೋಡೆಯ ಕಡೆ ತಿರುಗಿ ಒಂದು ಎಳ್ಳುಂಡೆಯನ್ನು ಅವಸರವಾಗಿ ತಿನ್ನುವುದು ಅವಳೊಬ್ಬಳಿಗೇ ಗೊತ್ತು. ಮಾಂಟೆವಿಡಿಯೊದಲ್ಲಿ ವಿಮಾನ ಇಳಿದವರೇ ನೇರವಾಗಿ ಸಭೆಗೆ ಹೋಗಬೇಕು. ಹಾಗಾದರೆ ಉಂಡೆ ತಿನ್ನಲು ಜಾಗ ಒಂದೇ, ಆ ನದಿಯ ಮೇಲಿನ ಆಕಾಶ.

ತವರಿಗೆಂದು ಗುಬ್ಬಿಗೆ ಹೋದಳು. ಹಿತ್ತಲ ಬೇಲಿಯ ಕಣಗಿಲೆ ಬೇರನ್ನು ಸೆರಗಿನಲ್ಲಿ ತಂದಳು. ಅವಳು ಚಿಕ್ಕವಳಿದ್ದಾಗ ಆ ಮನೆಯ ಜಗಲಿಯಲ್ಲಿ ಅಪ್ಪ ಭಾರತ ಓದುತ್ತಿದ್ದರು. ಸಾವಿನ ಪದ್ಯ ಬಂದಾಗ ರಾಗ ಏರಿಸುತ್ತಿರಲಿಲ್ಲ, ಇಳಿಸಿ, ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಿದ್ದರು. ಕಮಲ ಬೇರನ್ನು ಹಾಗೆಯೇ ಅರೆದಳು, ಹಾಗೆಯೇ ಬೆಲ್ಲದ ಪಾಕ ತೆಗೆದಳು. ಬೇರಿನ ಕಹಿ ತಿಳಿಯದ ಹಾಗೆ ಏಲಕ್ಕಿಯನ್ನು ಮಾತ್ರ ಕೈ ಧಾರಾಳ ಮಾಡಿ ಹಾಕಿದಳು. ಒಳ್ಳೆಯ ಉಂಡೆಗಳು ದೊಡ್ಡ ಡಬ್ಬಿಗೆ ಹೋದವು, ಪೆಟ್ಟಿಗೆಯ ತಳಕ್ಕೆ. ಆ ಒಂದು ಉಂಡೆ ಪುಟ್ಟ ಸ್ಟೀಲಿನ ಡಬ್ಬಿಯಲ್ಲಿ, ಹೆಗಲಚೀಲದ ಮೇಲ್ಗಡೆ, ಕೈಗೆ ಸಿಗುವ ಹಾಗೆ.

"ಇದು ಕೊನೇ ವಿಮಾನಕ್ಕೆ. ಮಾಂಟೆವಿಡಿಯೊ ಭಾಷಣಕ್ಕೆ ಮುಂಚೆ" ಎಂದಳು.

"ನೀನು ಎಲ್ಲ ಯೋಚನೆ ಮಾಡಿರ್ತೀಯ ಕಣೇ" ಎಂದರು ಅವರು. ಮದುವೆಯಾದ ಮೇಲೆ ಅವಳನ್ನು ಹೊಗಳಿದ್ದು ಅದೇ ಮೊದಲು. ಅವಳೊಳಗೆ ಏನೂ ಅಲ್ಲಾಡಲಿಲ್ಲ.

ಹೊರಡುವ ದಿನ ಬೆಳಗಿನಿಂದ ನಡುಮನೆ ತುಂಬ ಜನ. ಬಂದವರು ಅವರ ಕಾಲಿಗೆ ಬಿದ್ದು ಹೋಗುತ್ತಿದ್ದರು. ಬೆಂಗಳೂರಿಗೆ ಹೋಗುವ ಕಾರು ಬೀದಿಯಲ್ಲಿ ನಿಂತಿತ್ತು. ಕಮಲ ಆರತಿಯ ನೀರು ಕಲೆಸಲು ಒಳಗೆ ಹೋದಳು. ಬಂದು ಆರತಿ ಎತ್ತಿದಳು, ಹಣೆಗೆ ಬೊಟ್ಟಿಟ್ಟಳು. ಗುರುಗಳು ಕಾರು ಹತ್ತಿದರು. ಕಾರು ತಿರುವು ದಾಟುವ ತನಕ ನೋಡಿ, ಇನ್ನು ಕಾಯುವುದೊಂದೇ ಎಂದುಕೊಂಡು ತಿರುಗಿದಳು.

ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಏನನ್ನೋ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಹುಲಿಯೂರುದುರ್ಗದ ಸಿದ್ದಗಂಗಮ್ಮ, ಆಗಾಗ ಗುರುಗಳ ದರ್ಶನಕ್ಕೆ ಬರುವವಳು.

"ಮಗೀಗೆ ಜರ ಕಣವ್ವ, ಇಳೀತಾನೇ ಇಲ್ಲ. ಕುಣಿಗಲ್ ಡಾಕ್ಟ್ರು ಅಡ್ಮಿಟ್ ಮಾಡು ಅಂದ್ರು. ಗುರುಗಳ್ನ ಒಂದ್ಮಾತು ಕೇಳಾನ ಅಂತ ಓಡ್ಬಂದೆ. ಕೈಯಾರೆ ಪರಸಾದ ಕೊಟ್ರು. ಇದ್ನ ತಿನ್ಸು, ಆಸ್ಪತ್ರೆ ಬ್ಯಾಡ ಅಂದ್ರು."

"ಏನು ಕೊಟ್ಟರು?"

"ಎಳ್ಳುಂಡೆ ಕಣವ್ವ. ಚೀಲದಾಗಿಂದ ತೆಗ್ದು ಕೊಟ್ರು. ಘಮ್ಮಂತದೆ."

ಕಮಲ ಬಾಗಿಲಿನಿಂದ ಒಳಗೆ ನೋಡಿದಳು. ಗುರುಗಳ ಮಣೆಯ ಪಕ್ಕದಲ್ಲಿ ಹಿತ್ತಾಳೆಯ ತಟ್ಟೆ ಬರಿದಾಗಿ ಹೊಳೆಯುತ್ತಿತ್ತು. ಕಾಲಿಗೆ ಬಿದ್ದವರನ್ನು ಆ ಮನೆಯಲ್ಲಿ ಬರಿಗೈಯಲ್ಲಿ ಕಳಿಸುವುದಿಲ್ಲ. ಅವರು ಕೈಗೆ ಒಂದು ಬಾಳೆಹಣ್ಣು ಹಾಕಿಯೇ ಏಳಿಸುವುದು. ಆ ತಟ್ಟೆಗೆ ದಿನಾ ಬೆಳಿಗ್ಗೆ ಹಣ್ಣು ಜೋಡಿಸುವುದು ಕಮಲಳ ಕೆಲಸ. ಇವತ್ತು ಡಬ್ಬಿ, ಚೀಲ, ಪೆಟ್ಟಿಗೆ ಎಂದು ಓಡಾಡಿ, ಇದ್ದ ಹಣ್ಣು ಮುಗಿದ ಮೇಲೆ ಮತ್ತೆ ತರಿಸಲು ಮರೆತಿದ್ದಳು. "ಅದನ್ನ ಇಲ್ಲಿ ಕೊಡಿ, ದಮ್ಮಯ್ಯ ಅಂತೀನಿ, ಬೇರೆ ಕೊಡ್ತೀನಿ" ಎಂದು ಕೈ ಚಾಚಿದಳು. ಅಂದು ಬೊಬ್ಬೆಯೆದ್ದರೂ ಉರಿಯದಿದ್ದ ಬೆರಳು ಇದ್ದಕ್ಕಿದ್ದಂತೆ ಧಗಧಗ ಉರಿಯತೊಡಗಿತು. ಸಿದ್ದಗಂಗಮ್ಮ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಒಂದು ಮೆಟ್ಟಿಲು ಕೆಳಗಿಳಿದಳು. "ಕೊಡಾಕಿಲ್ಲ ಕಣವ್ವ," ಎಂದಳು, "ನನ್ನ ಪ್ರಾಣ ಕೇಳು ಕೊಡ್ತೀನಿ, ಇದ್ನ ಮಾತ್ರ ಕೊಡಾಕಿಲ್ಲ."