ಕಾಣೆಯಾದ ಕೆಸರಿನ ಕೊಳವೆ

"ಕದ್ದಿದಾರೆ! ನನ್ನ ಕೆಸರನ್ನ ಕದ್ದಿದಾರೆ!"

ಡಾಕ್ಟರ್ ಕ್ಲೋವಿಸ್ ವೆರೆ ಕಿರುಚಿದ್ದು ಪ್ರಯೋಗಾಲಯದ ಅಂಗಳಕ್ಕೇ ಕೇಳಿಸಿತು. ತನಿಖೆಗೆ ಬಂದವರು ಶೆರಿಫ್ ಕಚೇರಿಯ ಯುಲಾಲಿ ಫೋಂಟೆನೋ. ಜೊತೆಗೆ ಅವರ ಸಹಾಯಕನಾದ ನಾನು.

ತಣ್ಣನೆಯ ಕೋಣೆಯ ಬೀಗ ಮುರಿದಿರಲಿಲ್ಲ. ಕಪಾಟಿನಲ್ಲಿ ಐದು ದಂಡೆಗಳ ಹಿನ್ನೀರಿನ ತಳದಿಂದ ಕೆಸರು ತುಂಬಿ ತಂದ ಐದು ಕೊಳವೆಗಳಿರಬೇಕಿತ್ತು — ಒಂದು ಮಾಯವಾಗಿತ್ತು.

"ಕೆಸರಿಗೂ ಕಳ್ಳರೇ?" ಯುಲಾಲಿ ಮೂಗು ಮುರಿದರು.

"ಅದು ಬರೀ ಕೆಸರಲ್ಲ, ಮಿಸ್ ಯುಲಾಲಿ! ಚಂಡಮಾರುತ ಬಂದಾಗಲೆಲ್ಲ ಕಡಲು ಹಿನ್ನೀರಿನ ತಳಕ್ಕೆ ಮರಳು ಎರಚುತ್ತೆ. ಕೊಳವೆ ಸೀಳಿದ್ರೆ ಒಂದೊಂದು ಬಿರುಗಾಳಿಗೂ ಒಂದೊಂದು ಬಿಳಿ ಪಟ್ಟೆ. ಹಿಂದಿನ ಶತಮಾನಗಳಲ್ಲೂ ಇಷ್ಟೇ ಬಿರುಗಾಳಿ ಬಂದಿವೆ. ಭೂಮಿ ಬಿಸಿಯಾಗಿದ್ದಕ್ಕೇ ಹೆಚ್ಚಾದ್ವು ಅನ್ನೋಕೆ ಸಾಕ್ಷಿ ಸಾಲದು. ಇವತ್ತು ಊರ ಸಭೇಲಿ ಅದನ್ನೇ ತೋರಿಸೋನಿದ್ದೆ."

"ಕಳೆದದ್ದು ಎಲ್ಲಿಯ ಕೆಸರು?"

"ಪೆಲಿಕನ್ ದಂಡೇದು. ನಿನ್ನೆ ಸಂಜೆ ತಾನೇ ಸೀಳಿ, ಮುಚ್ಚಿಟ್ಟು ಹೋದೆ. ಯಾರಿಗೂ ತೋರಿಸಿಲ್ಲ. ಇನ್ಯಾರು? ಆ ಮೊರೀನ್‌ದೇ ಕೆಲಸ!"

ಎದುರು ಕೋಣೆಯ ಡಾಕ್ಟರ್ ಮೊರೀನ್ ಗೋಟ್ರೋ ಕಾಫಿ ಲೋಟ ಕುಕ್ಕಿದರು.

"ನಾನ್ಯಾಕೆ ಕದೀಲಿ? ಸಂಖ್ಯೆ ಹೆಚ್ಚದೇ ಇರಬಹುದು, ರಭಸ ಹೆಚ್ಚುತ್ತೆ — ಇದು ನನ್ನ ವಾದ. ಆ ಮೊಂಡನ ಬಾಯಿ ಎಲ್ರೆದುರಿಗೆ ಮುಚ್ಚಿಸೋಕೆ ಕಾಯ್ತಿದ್ದೆ. ಈಗ ಅವನನ್ನ ಹುತಾತ್ಮನ್ನಾಗಿ ಮಾಡಿದಾರೆ!"

ಅಷ್ಟರಲ್ಲಿ ಬಾಯ್ಡ್ ಲೆಜೂನ್ ಬಂದ. ವೆರೆಯ ಸಂಶೋಧನೆಯ ಪೋಷಕ. ಪೆಲಿಕನ್ ದಂಡೆಯಲ್ಲಿ ಸಾಲುಮನೆ ಕಟ್ಟಿಸಿ ಮಾರುತ್ತಿದ್ದವ.

"ಛೇ, ಎಂಥ ಅನ್ಯಾಯ! ಹಸ್ತದಷ್ಟು ದಪ್ಪ ಪಟ್ಟೆಗಳಿದ್ದ ಕೊಳವೆ! ಬಿಸಿ ಬಿಸಿ ಅಂತ ಹೆದರಿಸೋ ಈ ಜನಕ್ಕೆ ಸತ್ಯ ಬೇಡ, ಮಿಸ್ ಯುಲಾಲಿ."

"ನಿಮ್ಮ ಹತ್ರ ಇಲ್ಲಿಯ ಕೀಲಿ ಇದೆಯಾ?"

"ಕಟ್ಟಡಾನೇ ನಂದು. ಇರದೆ?"

ಯುಲಾಲಿ ನಕ್ಕರು. ಆ ನಗು ಕಂಡರೆ ನನಗೇ ಭಯ.

"ಪಟ್ಟೆ ದಪ್ಪ ಅಂತ ಯಾರು ಹೇಳಿದ್ರು?"

"ಕ್ಲೋವಿಸ್..."

"ನಾನೆಲ್ಲಿ ಹೇಳಿದೆ?" ವೆರೆ ತಡವರಿಸಿದರು.

"ಕೇಳಿ ಡಾಕ್ಟ್ರೇ. ನಿಮ್ಮ ವಾದ ಮುರಿಯೋಕೆ ಬಂದವರು ಐದೂ ಒಯ್ತಿದ್ರು. ಈ ಕಳ್ಳ ನಾಲ್ಕನ್ನ ಮುಟ್ಟಲಿಲ್ಲ. ಅವನಿಗೆ ಭಯ ಇದ್ದದ್ದು ಒಂದೇ ದಂಡೆಯದು. ಬಿರುಗಾಳಿ ಯಾವತ್ತೂ ಬರ್ತಿತ್ತು ಅಂತೀರಿ. ಎಲ್ಲಿಗೆ? ಇವನು ಮನೆ ಮಾರ್ತಿರೋ ಜಾಗಕ್ಕೇ! ಪಟ್ಟೆ ದಪ್ಪ ಇದ್ದಷ್ಟೂ ಅಲ್ಲಿಗೆ ಬಡಿದ ಗಾಳಿ ಜೋರು. ಸೀಳಿದ ಕೊಳವೆ ನೋಡಿದ್ದು ನೀವು, ಬಿಟ್ರೆ ಕಳ್ಳ."

ಬಾಯ್ಡ್‌ನ ಮುಖ ಬಿಳಿಚಿತು. "ನಾನು... ನಾನು ವಿಜ್ಞಾನದ ಪರ!"

"ಥೂ! ಗಾಳಿ ಬಂದಾಗ ತೂರಿಕೊಳ್ಳೋನು ನೀನು. ವೆರೆಯವರ ಸಂಶಯವಾದ್ರೂ ಪ್ರಾಮಾಣಿಕ. ನಿನಗೆ ಅದು ಮನೆ ಮಾರೋ ಜಾಹೀರಾತು. ಕೊಳವೆ ಎಲ್ಲಿ?"

ಅವನ ಕಾರಿನ ಹಿಂಬದಿಯಲ್ಲೇ ಇತ್ತು, ಕಂಬಳಿ ಹೊದ್ದುಕೊಂಡು.

ಸಭೆಯಲ್ಲಿ ಮೊದಲ ಸಾಲಿನಲ್ಲಿ ಆ ಮನೆಗಳನ್ನು ಕೊಂಡವರಿದ್ದರು, ಮಡಿಲಲ್ಲಿ ಮಕ್ಕಳು. ವೆರೆ ಕೊಳವೆ ಎತ್ತಿ ಹಿಡಿದರು.

"ಬಿರುಗಾಳಿ ಯಾಕೆ ಬರುತ್ತೆ ಅಂತ ನಾನೂ ಮೊರೀನೂ ಸಾಯೋವರೆಗೂ ಕಿತ್ತಾಡ್ತೀವಿ. ನೀವು ಮಾತ್ರ ಅಲ್ಲಿಂದ ಹೊರಡಿ."

ಮೊರೀನ್ ಎದ್ದು ಅವರ ಪಕ್ಕ ನಿಂತರು. "ಜೀವಮಾನದಲ್ಲಿ ಇದೊಂದು ಮಾತು ಸರಿಯಾಗಿ ಹೇಳಿದೆ, ಕತ್ತೆ."