ಕುಪ್ಪುಸ್ವಾಮಿ ಮೊದಲು ಪಾಸಾದ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲಿಳಿದ ಅಶ್ವತ್ಥ ನಗುತ್ತ ಬಂದ. ಕನಕ ನಗಲಿಲ್ಲ.

"ಫೇಲಾದ್ಯಾ?" ಎಂದಳು.

ಹಾಗೆ ಕೇಳಬಾರದಿತ್ತು. ಆದರೆ ಅವಳ ಮನೆಯಲ್ಲಿ ಈಚೆಗೆ ಇದೇ ಮಾತು. ಅಶ್ವತ್ಥನೂ ನಂದಿದುರ್ಗ ಚಿನ್ನದ ಗಣಿಯ ಕಡೆಯ ಕುಪ್ಪುಸ್ವಾಮಿಯೂ ಒಂದೇ ದಿನ ಮಿಲಿಟರಿಗೆ ಸೇರಿ, ಸಿಕಂದರಾಬಾದಿನಲ್ಲಿ ವೈರ್‌ಲೆಸ್ ರಿಪೇರಿ ಕಲಿಯಲು ಕೂತವರು. ಕುಪ್ಪುಸ್ವಾಮಿ ಪಾಸಾಗಿ ಊರಿಗೆ ಬಂದೇಬಿಟ್ಟ. ಅಲ್ಲಿ ಒಬ್ಬೊಬ್ಬನಿಗೆ ಒಂದೊಂದು ಕಂಪ್ಯೂಟರ್, ಅವರವರ ವೇಗಕ್ಕೆ ಅವರವರ ಪಾಠ ಎಂದು ಅವನು ಎಷ್ಟು ಹೇಳಿದರೂ ಕನಕಳ ಅಪ್ಪ ಆಂಜಿನಪ್ಪನ ತಲೆಗೆ ಹೋಗಲಿಲ್ಲ. ಜೊತೆಗೆ ಸೇರಿದವರು ಜೊತೆಗೇ ಪಾಸಾಗಬೇಕು, ಹಿಂದೆ ಉಳಿದವನು ಫೇಲು, ಫೇಲಾದವನಿಗೆ ಮಗಳನ್ನು ಕೊಡುವುದಿಲ್ಲ, ಅಷ್ಟೇ. ಮಾರನೆಯ ಬೆಳಗ್ಗೆ ಕ್ಯಾಸಂಬಳ್ಳಿಯ ಗಂಡಿನ ಕಡೆಯವರ ಜೊತೆ ಅವಳ ಮದುವೆಯ ತಾಂಬೂಲ ಬದಲಾಯಿಸಲು ಮನೆಯವರು ಸಿದ್ಧರಾಗಿದ್ದರು. ಕುಪ್ಪುಸ್ವಾಮಿಯೇ ತಂತಿ ಕೊಟ್ಟು ಗೆಳೆಯನನ್ನು ಕರೆಸಿ, ಅವಳಿಗೂ ಗುಟ್ಟಾಗಿ ತಿಳಿಸಿದ್ದ.

"ಫೇಲಿಲ್ಲ. ಇನ್ನೂ ಮುಗ್ದಿಲ್ಲ," ಎಂದ ಅಶ್ವತ್ಥ.

ಉತ್ತರ ಸರಿಯಾಗುವ ತನಕ ಕಂಪ್ಯೂಟರ್ ಮುಂದಿನ ಪಾಠಕ್ಕೆ ಬಿಡುವುದಿಲ್ಲವಂತೆ. ಇಂಗ್ಲಿಷ್ ಅರ್ಥ ಮಾಡಿಕೊಳ್ಳುವುದರಲ್ಲೇ ಅವನ ಹೊತ್ತು ಹೋಗುತ್ತಿತ್ತಂತೆ. ಹೇಳುತ್ತಲೇ ಅವಳ ಮೂಗಿನ ಮೇಲಿನ ಬೆವರನ್ನು ನೋಡುತ್ತಿದ್ದ. ಅದು ಗೊತ್ತಾಗಿ ಅವಳು ದಾವಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಇಂಥ ಹೊತ್ತಿನಲ್ಲೂ ಇವನಿಗೆ ಇದೊಂದು ಎಂದು ಸಿಟ್ಟು ಬಂತು, ಖುಷಿಯೂ ಆಯಿತು.

"ಅಪ್ಪನತ್ರ ಪಾಸಾಯ್ತು ಅಂದ್ಬಿಡು. ಒಂದು ಸುಳ್ಳು ತಾನೆ?"

"ಬ್ಯಾಡ ಕನಕ. ಆಮೇಲೆ ನಾನೇನಂದ್ರೂ ನಿಮ್ಮಪ್ಪ ನಂಬಲ್ಲ. ನಿಧಾನ ಆಯ್ತದೆ, ಆದ್ರೆ ಮುಗಿಸ್ತೀನಿ. ನೀನೇ ಬೇರೆಯೋರ ಪಾಲಾದ್ರೆ ಮಾತ್ರ, ಯಾರಿಗೋಸ್ಕರ ಮುಗಿಸ್ಬೇಕೋ ಗೊತ್ತಾಗಲ್ಲ."

ಅವಳಿಗೆ ಅಳು ಬಂತು. ಹಟ ಹಿಡಿದ ಅಪ್ಪನ ಮುಂದೆ ಈ ಸತ್ಯವಂತನ ಮಾತು ನಡೆಯುವುದಿಲ್ಲ.

ಹೊರಗೆ ಬೂದಿಕೋಟೆ ಬಸ್ಸು ತುಂಬುತ್ತಿತ್ತು. ಒಳಗಿದ್ದವರೆಲ್ಲ ಊರಿನವರೇ, ದಿನಾ ಅಪ್ಪನ ಜೊತೆ ಕಟ್ಟೆಯ ಮೇಲೆ ಕೂರುವವರು. ಅಶ್ವತ್ಥ ಹಿಂದಿನ ಸೀಟಿಗೆ ಹೋದ. ಮುಂದೆ ಹೆಂಗಸರ ಸೀಟಿನಲ್ಲಿ ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಸರಿದು ಜಾಗ ಮಾಡಿ ಕರೆದಳು.

ಕನಕ ಹಿಂದಿನ ಸೀಟಿನತ್ತ ನೋಡಿದಳು. ಅವನ ಪಕ್ಕ ಹೋಗಿ ಕೂತರೆ, ಬಸ್ಸು ಊರು ಸೇರಿದ ಕೂಡಲೇ ಸುದ್ದಿ ಅಪ್ಪನ ಕಿವಿಗೆ ಬೀಳುತ್ತದೆ. ಆಮೇಲೆ ಕ್ಯಾಸಂಬಳ್ಳಿಯವರು ತಾಂಬೂಲ ಮುಟ್ಟುವುದಿಲ್ಲ.

"ಇಲ್ಲ ಚಿಕ್ಕಮ್ಮ, ನನ್ನ ಜಾಗ ಅಲ್ಲೈತೆ," ಎಂದು ಎಲ್ಲರ ಎದುರೇ ನಡೆದುಹೋಗಿ ಅಶ್ವತ್ಥನ ಪಕ್ಕ ಕುಳಿತಳು.